ಅಣ್ಣನ ಗಾಡಿಗೆ ಮಸಿ

ಸೆಪ್ಟೆಂಬರ್ ೫

ಮಾತಾಡಿದರೆ ಜಗಳವಾಗುತ್ತದೆ, ಸುಮ್ಮನಿದ್ದರೆ ತಲೆ ಸಿಡಿಯುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ. ಓದುವವರು ಯಾರೂ ಇಲ್ಲವಾದ್ದರಿಂದ ಕಾಗುಣಿತ ತಪ್ಪಿದರೂ ಯಾರಪ್ಪನ ಗಂಟೂ ಹೋಗುವುದಿಲ್ಲ.

ಅಣ್ಣ ಕೊಟ್ಟ ಡಬ್ಬಿಯನ್ನು ಇವತ್ತು ಬಿಚ್ಚಿದೆ. ಕಳೆದ ರಜೆಗೆ ಬಂದಾಗ ತಂದದ್ದು. ಒಳಗೆ ಪ್ಲಾಸ್ಟಿಕ್ಕಿನ ಬಿಡಿ ತುಂಡುಗಳು. ಅಂಟಿಸಿ ಬಣ್ಣ ಹಚ್ಚಿದರೆ ಗೇಣುದ್ದದ ಒಂದು ಟ್ಯಾಂಕು. ಅಣ್ಣ ಸೈನ್ಯದಲ್ಲಿ ಓಡಿಸುವುದು ಇದೇ ಜಾತಿಯ ಗಾಡಿಯನ್ನು. ಊರವರ ಹಲ್ಲಿಗೆಲ್ಲ ಬಣ್ಣ ಹಚ್ಚುತ್ತೀಯಲ್ಲ, ನನ್ನ ಗಾಡಿಗೂ ಹಚ್ಚು ನೋಡೋಣ ಎಂದು ನನ್ನ ಕೈಗೆ ಇಟ್ಟಿದ್ದ. ನಾನು ಹಲ್ಲಿನ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವವನು. ಇಬ್ಬರದೂ ಬಾಯಿಯ ಕಸುಬೇ, ನಿನ್ನದು ಜನರ ಬಾಯೊಳಗೆ, ನನ್ನದು ತೋಪಿನ ಬಾಯಿ ಕೆಳಗೆ ಎಂದು ಹೇಳಿಕೊಂಡು ನಗುತ್ತಾನೆ. ಹೇಳಿದ್ದನ್ನೇ ಹೇಳುತ್ತಾನೆ, ಪ್ರತಿ ಸಲವೂ ಹೊಸದೆಂಬಂತೆ ನಗುತ್ತಾನೆ.

ಮೇ ತಿಂಗಳಲ್ಲಿ ಸೈನ್ಯದವರು ಒಂದು ಪೆಟ್ಟಿಗೆ ತಂದು ಇಳಿಸಿದರು. ಮುಚ್ಚಿ ಮೊಳೆ ಹೊಡೆದಿತ್ತು. ಗಾಡಿಗೆ ಬೆಂಕಿ ಬಿತ್ತು, ತೆರೆಯುವುದು ಬೇಡ, ನೋಡುವ ಹಾಗಿಲ್ಲ ಎಂದರು. ಅಮ್ಮ ಮಗನ ಮುಖ ತೋರಿಸಿ ಎಂದು ಒಂದು ಸಲ ಕೇಳಿದಳು. ಆಗುವುದಿಲ್ಲ ಎಂದ ಮೇಲೆ ಬಾಯಿ ಮುಚ್ಚಿದವಳು ಅವತ್ತಿನಿಂದ ಒಂದು ಹನಿ ಕಣ್ಣೀರು ಹಾಕಿಲ್ಲ. ಹೆತ್ತ ಮಗನಿಗೆ ಅಳದ ತಾಯಿ ಎಲ್ಲಾದರೂ ಇದ್ದಾಳೆಯೇ? ಅವಳು ನಂಬಿಲ್ಲ, ಅಷ್ಟೇ. ಪೆಟ್ಟಿಗೆಯಲ್ಲಿ ಬೇರೆ ಯಾರೋ ಇದ್ದರು, ದೊಡ್ಡ ಮಗ ಒಂದು ದಿನ ಬಂದೇ ಬರುತ್ತಾನೆ ಎಂದು ಕಾಯುತ್ತಿದ್ದಾಳೆ. ಹೀಗೇ ಬಿಟ್ಟರೆ ಅವಳ ತಲೆ ಕೆಡುತ್ತದೆ.

ಕೊನೆಯ ದಿನ ಗಾಡಿ ಹೇಗಿತ್ತೋ ಹಾಗೇ ಮಾಡಿ ಅವಳ ಮುಂದೆ ಇಡುತ್ತೇನೆ. ಮಣ್ಣು, ತುಕ್ಕು, ಮಸಿ, ಯಾವುದನ್ನೂ ಬಿಡದೆ. ಕಣ್ಣಾರೆ ಕಂಡ ಮೇಲೆ ನಂಬಲೇಬೇಕಲ್ಲ.

ಸೆಪ್ಟೆಂಬರ್ ೧೧

ಅಂಟಿಸುವುದು ಮುಗಿಯಿತು. ಹಸಿರು ಹೊಡೆದು ತಟ್ಟೆಯಲ್ಲಿಟ್ಟು, ಲ್ಯಾಬಿನಲ್ಲಿ ಮಾಡುವ ಹಾಗೆ ಚೀಟಿ ಅಂಟಿಸಿದೆ: ಒಣಗಲು ಬಾಕಿ. ಡ್ರೈವರನ ತಲೆಯ ಮೇಲೆ ಒಂದು ಮುಚ್ಚಳ ಬರುತ್ತದೆ, ಅವನು ಗಾಡಿಯೊಳಗೆ ಇಳಿಯುವುದೂ ಏಳುವುದೂ ಅದರಿಂದಲೇ. ಅದೊಂದಕ್ಕೆ ಅಂಟು ಹಾಕಿಲ್ಲ. ತೆರೆದಿರಬೇಕೋ ಮುಚ್ಚಿರಬೇಕೋ ನನಗೆ ಗೊತ್ತಿಲ್ಲ.

ಹೊಸ ಗಾಡಿ ಹೊಸ ಹಲ್ಲಿನ ಹಾಗೆ, ಕಂಡ ಕೂಡಲೇ ಸುಳ್ಳೆಂದು ಗೊತ್ತಾಗುತ್ತದೆ. ಮುದುಕರ ಬಾಯಿಗೆ ಮುತ್ತಿನಂಥ ಒಂದು ಹಲ್ಲು ಕೂರಿಸಿದರೆ ಜನ ಮುಸಿಮುಸಿ ನಗುತ್ತಾರೆ. ಬುಡದಲ್ಲಿ ಒಂದಿಷ್ಟು ಹಳದಿ, ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು, ನಡುವೆ ಕಾಫಿಯ ಕರೆ, ಇಷ್ಟು ಬಿದ್ದ ಮೇಲೇ ಅದು ಆ ಬಾಯಿಯ ಹಲ್ಲಾಗುವುದು. ನನಗೆ ಸಂಬಳ ಕೊಡುವುದೇ ಈ ಕೊಳೆಗೆ.

ಊಟದ ಹೊತ್ತಿಗೆ ಅಮ್ಮ ಹಾಗಲಕಾಯಿ ಬಡಿಸುತ್ತ, ದೊಡ್ಡೋನಿಗೆ ಇದು ಸೇರುತ್ತಿರಲಿಲ್ಲ ಎಂದಳು. ಸೇರುವುದಿಲ್ಲ ಎಂದು ತಿದ್ದಿದೆ. ಅಮ್ಮ ಸೌಟು ಹಿಡಿದುಕೊಂಡೇ ನನ್ನ ಮುಖ ನೋಡಿದಳು. ವಯಸ್ಸಾಯಿತು, ಮಾತು ಜಾರುತ್ತದೆ.

ಸೆಪ್ಟೆಂಬರ್ ೧೮

ಗನ್ನರ್ ಬಂದಿದ್ದ. ಅಣ್ಣನ ಗಾಡಿಯಲ್ಲೇ ಕೂತು ತೋಪು ಹಾರಿಸುತ್ತಿದ್ದವನು, ಅವತ್ತು ಅದರಿಂದ ಜೀವಸಹಿತ ಹೊರಬಂದವನು. ಬಣ್ಣ ಎಲ್ಲೆಲ್ಲಿ ಸವೆದಿತ್ತು ಎಂದು ಕೇಳಲು ನಾನೇ ಕರೆಸಿದ್ದೆ. ಬಲಗೈಗೆ ಚರ್ಮದ ಗವಸು ಹಾಕಿಕೊಂಡೇ ಕೂತಿದ್ದ. ಅಮ್ಮ ಕೊಟ್ಟ ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡು, ತಪ್ಪು ತಿಳಿಯಬೇಡಿ ಎಂದ.

ಗಾಡಿಯನ್ನು ಸುಮಾರು ಹೊತ್ತು ನೋಡಿದ. ಆಮೇಲೆ ಬೆರಳಿಟ್ಟು ತೋರಿಸಿದ. ಹತ್ತುವಾಗ ಎಲ್ಲರೂ ಬಲಗಾಲು ಮೊದಲು ಇಡುತ್ತಾರಂತೆ, ಅಣ್ಣನೊಬ್ಬ ಎಡಗಾಲು. ಹಾಗಾಗಿ ಅವನ ಮುಚ್ಚಳದ ಪಕ್ಕದಲ್ಲಿ ಬೂಟಿನ ಅಗಲಕ್ಕೆ ಬಣ್ಣ ಕಿತ್ತು ಕಬ್ಬಿಣ ಕಾಣುತ್ತಿತ್ತಂತೆ. ಸ್ಪಂಜಿನ ಚೂರನ್ನು ಕಬ್ಬಿಣದ ಬಣ್ಣದಲ್ಲಿ ಅದ್ದಿ, ಹೆಚ್ಚಿದ್ದನ್ನು ಕಾಗದಕ್ಕೆ ಒತ್ತಿ ತೆಗೆದು, ಉಳಿದದ್ದನ್ನು ಅಲ್ಲಿ ಮೆಲ್ಲಗೆ ತಟ್ಟಿದೆ. ಅಣ್ಣ ಈಗ ತಾನೇ ಕಾಲಿಟ್ಟು ಒಳಗೆ ಇಳಿದ ಹಾಗೆ ಕಂಡಿತು. ಗನ್ನರ್ ಎದ್ದೇಬಿಟ್ಟ. ಊಟ ಮಾಡಿಕೊಂಡು ಹೋಗು ಎಂದು ಅಮ್ಮ ಎಷ್ಟು ಹೇಳಿದರೂ ನಿಲ್ಲಲಿಲ್ಲ.

ಅವತ್ತು ಆ ಮುಚ್ಚಳ ತೆರೆದಿತ್ತಾ, ಮುಚ್ಚಿತ್ತಾ ಎಂದು ಬಾಗಿಲ ಹತ್ತಿರ ಕೇಳಿದೆ. ಬಸ್ಸಿಗೆ ಹೊತ್ತಾಯಿತು ಎಂದ.

ಸೆಪ್ಟೆಂಬರ್ ೨೩

ಮುಚ್ಚಳವನ್ನು ಒತ್ತಿ ಮುಚ್ಚಿ ಮಲಗಿದ್ದೆ, ಬೆಳಿಗ್ಗೆ ನೋಡಿದರೆ ತೆರೆದಿದೆ. ಸೆಕೆಗೆ ಪ್ಲಾಸ್ಟಿಕ್ಕು ಹಿಗ್ಗಿ ಎದ್ದಿರಬೇಕು.

ಚಿಕ್ಕಂದಿನಿಂದ ಅಣ್ಣನದು ಒಂದು ಚಾಳಿ. ಮಲಗುವ ಮುಂಚೆ ನಮ್ಮಿಬ್ಬರ ಕೋಣೆಯ ನಡುವಿನ ಗೋಡೆಗೆ ಎರಡು ಸಲ ಬಡಿಯುತ್ತಾನೆ. ನಾನೂ ಎರಡು ಸಲ ಬಡಿಯಬೇಕು. ಬಡಿಯದಿದ್ದರೆ ಬಿಡುವ ಆಸಾಮಿಯಲ್ಲ, ಉತ್ತರ ಬರುವ ತನಕ ಬಡಿಯುತ್ತಲೇ ಇರುತ್ತಾನೆ. ಇವತ್ತು ಸಂಜೆ ತುಕ್ಕು ಹಚ್ಚುತ್ತಿದ್ದಾಗ ಟಕ್ ಟಕ್ ಎಂದಿತು. ಬಣ್ಣ ಒಣಗುವಾಗ ಬಿರಿದ ಸದ್ದು ಎಂದುಕೊಂಡೆ. ಆದರೂ ಮೇಜಿಗೆ ಎರಡು ಸಲ ಬಡಿದೆ. ಯಾರು ನೋಡಲು ಬರುತ್ತಾರೆ?

ಸೆಪ್ಟೆಂಬರ್ ೨೬

ಮತ್ತೆ ತೆರೆದಿತ್ತು. ಈ ಸಲ ಸೆಕೆಯೂ ಇರಲಿಲ್ಲ.

ಸೆಪ್ಟೆಂಬರ್ ೨೯

ಲ್ಯಾಬಿನಲ್ಲಿ ಪಿಂಗಾಣಿ ಹಲ್ಲು ಸುಡಲು ಒಂದು ಪುಟ್ಟ ಕುಲುಮೆ ಇದೆ. ಅದರ ಬಾಗಿಲು ತೆಗೆಯುವುದು, ಹಾಕುವುದು ಎಲ್ಲ ನನ್ನದೇ ಕೆಲಸ. ಇವತ್ತು ಅದರ ಒಳಗಿನಿಂದ ಬಡಿದ ಹಾಗಾಯಿತು. ಕಾದ ಲೋಹ ಸದ್ದು ಮಾಡುತ್ತದೆ, ಅಷ್ಟೂ ತಿಳಿಯದವನೇ ನಾನು? ಆದರೆ ಕೈ ಮುಂದೆ ಹೋಗಲಿಲ್ಲ. ಒಳಗೆ ಹಲ್ಲು ಕೆಡುತ್ತಿದೆ, ಗೊತ್ತು, ಕೈ ಹೋಗಲೊಲ್ಲದು. ಕೊನೆಗೆ ಯಜಮಾನರೇ ಬಂದು ತೆಗೆದರು. ಜ್ವರವೇನೋ ಎಂದು ಕೇಳಿದರು, ಹೂಂ ಎಂದೆ. ಮನೆಗೆ ಹೋಗಿ ಮಲಗು ಎಂದರು. ಮನೆಯಲ್ಲಿ ಏನಿದೆ ಎಂದು ಅವರಿಗೇನು ಗೊತ್ತು.

ಅಕ್ಟೋಬರ್ ೨

ಭೂತ ಸಿಕ್ಕಿತು. ಬೆಳಿಗ್ಗೆ ಬೇಗ ಎದ್ದು ಬಂದರೆ ಅಮ್ಮ ಮೇಜಿನ ಮುಂದೆ ಬಗ್ಗಿ ನಿಂತು, ಉಗುರಿನ ತುದಿಯಿಂದ ಆ ಮುಚ್ಚಳ ಎತ್ತುತ್ತಿದ್ದಾಳೆ. ಏನಮ್ಮ ಇದು ಎಂದರೆ, ಮುಚ್ಚಿದ್ದರೆ ಉಸಿರು ಕಟ್ಟಿದ ಹಾಗೆ ಕಾಣುತ್ತದೆ, ಅದಕ್ಕೆ ದಿನಾ ತೆಗೆದಿಡುತ್ತೇನೆ ಎಂದಳು. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎನ್ನುವಷ್ಟು ಸಲೀಸಾಗಿ ಹೇಳಿದಳು.

ನಾನು ಅಂದುಕೊಂಡದ್ದು ಸುಳ್ಳಲ್ಲ. ಮಗ ಅದರೊಳಗಿಂದ ಎದ್ದು ಬರುತ್ತಾನೆ ಎಂದೇ ಅವಳು ತಿಳಿದಿದ್ದಾಳೆ. ಬೇಗ ಮುಗಿಸಬೇಕು.

ಬಡಿಯುವವರು ಯಾರು ಎಂದು ಮಾತ್ರ ಅವಳನ್ನು ಕೇಳಲಿಲ್ಲ.

ಅಕ್ಟೋಬರ್ ೯

ಈ ವಾರ ಮಣ್ಣು, ಧೂಳು, ಮಸಿ. ಬಣ್ಣದ ಪುಡಿಯನ್ನು ಒಣ ಬ್ರಷ್ಷಿನಿಂದ ಹಚ್ಚಿ ಊದಬೇಕು. ಚಕ್ರಗಳಿಗೆ ಕೆಸರು, ಮೇಲೆ ಬೂದು ಧೂಳು, ಹಿಂದಿನ ಇಂಜಿನ್ನಿನಿಂದ ಮುಂದಕ್ಕೆ ಕಪ್ಪು. ಬೆಂಕಿಯ ದಾರಿ ಎಲ್ಲಿಂದ ಎಲ್ಲಿಗೆ ಎಂದು ಯೋಚಿಸಿ ಯೋಚಿಸಿ ಹಚ್ಚುತ್ತಿದ್ದೇನೆ. ಹಚ್ಚುತ್ತ ಕೂತರೆ ಊಟ ಬೇಡ, ನೀರು ಬೇಡ. ಉಗುರಿನ ಸಂದಿನ ಕಪ್ಪು ಸೋಪಿಗೂ ಬಗ್ಗುತ್ತಿಲ್ಲ.

ಅಮ್ಮ ಮೊದಲು ತಮಾಷೆಯಾಗಿ, ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ ಎಂದಳು. ನಾನು ನಗದಿದ್ದುದನ್ನು ಕಂಡು ದನಿ ಬದಲಾಯಿಸಿದಳು.

"ಅವನು ಗಾಡಿನ ಎಷ್ಟು ಚೊಕ್ಕಟವಾಗಿ ಇಟ್ಕೋತಿದ್ದ. ನೀನ್ಯಾಕೋ ಅವನ ಗಾಡಿಗೆ ಮಸಿ ಬಳೀತೀಯ?"

ಮಸಿ ಬಳಿಯುವುದೆಂದರೆ ಮಾನ ಕಳೆಯುವುದು ಎಂದೂ ಅರ್ಥ, ಅದು ಗೊತ್ತಿದ್ದೇ ಅಂದಳು. ನನಗೆ ಉರಿದುಹೋಯಿತು. ನಿನಗೋಸ್ಕರವೇ ಬಳಿಯುತ್ತಿದ್ದೇನೆ, ನಿನ್ನ ಕಣ್ಣು ತೆರೆಸಲಿಕ್ಕೆ ಎಂದೆ. ಅವಳು ತಟ್ಟೆಯಲ್ಲಿದ್ದ ನನ್ನ ಊಟ ಮುಚ್ಚಿಟ್ಟು ಒಳಗೆ ಹೋದಳು.

ಲ್ಯಾಬಿನಲ್ಲಿ ಬೇರೆ ರಾದ್ಧಾಂತ. ಮದುವೆಗೆ ಸಿದ್ಧವಾದ ಹುಡುಗಿಯೊಬ್ಬಳ ಮುಂದಿನ ಹಲ್ಲಿಗೆ ನಾನು ಹೊಗೆಸೊಪ್ಪು ಅಗಿದವರ ಬಣ್ಣ ಕೊಟ್ಟಿದ್ದೆನಂತೆ. ವರನಿಗೆ ಅಜ್ಜಿಯನ್ನು ಕಟ್ಟುತ್ತೀಯೇನಯ್ಯ ಎಂದು ಯಜಮಾನರು ಹಲ್ಲನ್ನು ನನ್ನ ಮುಂದೆ ಇಟ್ಟರು. ನೋಡಿದೆ. ಬುಡದಲ್ಲಿ ನಿಜಕ್ಕೂ ಮಸಿ. ಯಾವಾಗ ಹಚ್ಚಿದೆನೋ ನೆನಪಿಲ್ಲ.

ಅಕ್ಟೋಬರ್ ೧೫

ಇವತ್ತು ಬೆಳಿಗ್ಗೆ ಮುಚ್ಚಳ ಮುಚ್ಚಿಯೇ ಇತ್ತು. ಅಮ್ಮ ಸೋತಳು, ದಾರಿಗೆ ಬಂದಳು ಎಂದು ಖುಷಿಪಟ್ಟೆ. ಕೇಳಿದರೆ, ತೆಗೆಯಲು ಆಗಲಿಲ್ಲ, ಏನೋ ಅಡ್ಡ ಇದೆ ಎಂದಳು.

ನಿನ್ನೆ ಮಸಿ ಊದುವಾಗ ನಾನು ತೋಪಿನ ನಳಿಗೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿದ್ದೆ. ಅದು ಸರಿಯಾಗಿ ಡ್ರೈವರನ ಮುಚ್ಚಳದ ಮೇಲೆ ಬಂದು ನಿಂತಿತ್ತು. ನಳಿಗೆ ನೇರವಾಗಿದ್ದರೆ ಮುಚ್ಚಳ ಏಳುತ್ತದೆ. ಪೂರ್ತಿ ಎಡಕ್ಕೆ ಹೋದರೂ ಏಳುತ್ತದೆ. ನಡುವೆ ಆ ಒಂದು ಜಾಗದಲ್ಲಿ ನಿಂತರೆ ಮಾತ್ರ ಏಳುವುದಿಲ್ಲ. ತಿರುಗಿಸಿ ನೋಡಿದೆ, ಎತ್ತಿ ನೋಡಿದೆ. ಮತ್ತೆ ತಿರುಗಿಸಿದೆ. ಲ್ಯಾಬಿಗೆ ಹೋಗಲಿಲ್ಲ.

ಎಷ್ಟೋ ಹೊತ್ತು ಅದನ್ನೇ ಮಾಡುತ್ತ ಕೂತಿದ್ದೆನೆಂದು ಕಾಣುತ್ತದೆ. ಅಮ್ಮ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಅದರಿಂದ ಬಿಡಿಸಿದಳು.

ಅಕ್ಟೋಬರ್ ೧೯

ಗನ್ನರನ ರೂಮಿಗೆ ಹೋದೆ. ಸೈಕಲ್ ರಿಪೇರಿ ಅಂಗಡಿಯ ಮಹಡಿ ಮೇಲೆ ಒಂದೇ ಕೋಣೆ. ಕಿಟಕಿ ಇದೆ, ಬಾಗಿಲಿಗೆ ಚಿಲಕವಿಲ್ಲ. ಕಿತ್ತು ಹಾಕಿಸಿದ್ದಾನಂತೆ. ಟ್ಯಾಂಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿದ್ದೆ. ಅವನ ಮುಂದಿಟ್ಟು, ನಳಿಗೆಯನ್ನು ಆ ಜಾಗಕ್ಕೆ ತಿರುಗಿಸಿ, ಹೀಗಿತ್ತಾ ಎಂದು ಕೇಳಿದೆ.

ಗವಸಿನ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡ. ನೆಲ ನೋಡುತ್ತ ಹೇಳಿದ. ಎಡಗಡೆಯಿಂದ ಹೊಡೆದರಂತೆ. ಇವನು ತೋಪನ್ನು ಆ ಕಡೆ ತಿರುಗಿಸಿದ. ತಿರುಗುತ್ತಿರುವಾಗಲೇ ಗಾಡಿಯ ಕರೆಂಟು ಹೋಗಿ ನಳಿಗೆ ಮುಚ್ಚಳದ ಮೇಲೆ ಬಂದು ನಿಂತುಬಿಟ್ಟಿತು. ಹಿಂದಿನಿಂದ ಬೆಂಕಿ ಬರುತ್ತಿತ್ತು.

"ಕೈಯಲ್ಲಿ ತಿರುಗಿಸೋಕೆ ಒಂದು ಹಿಡಿಕೆ ಇರುತ್ತೆ. ತಿರುಗಿಸ್ದೆ. ಹಿಡಿಕೆ ಕಾದು ಕೈ ಅಂಟ್ಕೊಂಡ್ತು. ಇನ್ನು ಒಂಚೂರು ತಿರುಗಿದ್ರೆ ಸಾಕಿತ್ತು. ನಾನು ಬಿಟ್ಟೆ. ಬಿಟ್ಟು ಮೇಲಿಂದ ಹಾರಿದೆ."

ನಾನು ಟ್ಯಾಂಕನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದೆ. ಅವನೇ ಮುಂದುವರಿಸಿದ.

"ಅವನು ಒಳಗಿಂದ ಬಡೀತಿದ್ದ. ಎರಡೆರಡು ಸಲ. ನಿಲ್ಲಿಸ್ತಾನೇ ಇರ್ಲಿಲ್ಲ."

ಅಕ್ಟೋಬರ್ ೨೦

ತಿರುಗಿ ಬಡಿಯುವವರು ಅಲ್ಲಿ ಯಾರೂ ಇರಲಿಲ್ಲ.

ಅಕ್ಟೋಬರ್ ೨೧

ತೀರ್ಮಾನ ಮಾಡಿದ್ದೇನೆ. ನಳಿಗೆಯನ್ನು ಅಲ್ಲೇ, ಆ ಮುಚ್ಚಳದ ಮೇಲೇ ನಿಲ್ಲಿಸಿ ಅಂಟಿಸುತ್ತೇನೆ. ಅಂಟಿನ ಮೇಲೆ ಬಣ್ಣ ಹಿಡಿಯುವುದಿಲ್ಲ, ಹಾಗಾಗಿ ಅದು ಕೊನೆಯ ಕೆಲಸ. ಆಮೇಲೆ ಅಮ್ಮನ ಮುಂದೆ ಇಡುತ್ತೇನೆ. ಅವಳಿಗೆ ಎರಡೂ ಒಟ್ಟಿಗೆ ಗೊತ್ತಾಗಲಿ, ಏನಾಯಿತು ಅನ್ನುವುದು, ಯಾರಿಂದ ಆಯಿತು ಅನ್ನುವುದು. ಇಲ್ಲಿ ಬಂದು ನಮ್ಮ ಮನೆಯ ಲೋಟದಲ್ಲಿ ಕುಡಿದು ಹೋದನಲ್ಲ ಆ ಪುಣ್ಯಾತ್ಮ. ನೆನೆಸಿಕೊಂಡರೆ ಹೊಟ್ಟೆಯಲ್ಲಿ ಕೊಳ್ಳಿ ಇಟ್ಟ ಹಾಗಾಗುತ್ತದೆ.

ಟಕ್ ಟಕ್ ಈಗ ಹಗಲಲ್ಲೂ ಕೇಳಿಸುತ್ತದೆ. ಬಸ್ಸಿನ ಕಂಬಿಯಲ್ಲಿ, ನೀರಿನ ಪೈಪಿನಲ್ಲಿ. ನಾನು ಉತ್ತರ ಕೊಡುತ್ತಲೇ ಇದ್ದೇನೆ. ಅದು ನಿಲ್ಲುತ್ತಿಲ್ಲ.

ಅಕ್ಟೋಬರ್ ೨೬

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಅಂಟಿಸುವ ಮುಂಚೆ ಒಂದೇ ಕೆಲಸ ಉಳಿದಿತ್ತು. ನೀರಿನಷ್ಟು ತೆಳು ಮಾಡಿದ ಕಪ್ಪು ಬಣ್ಣವನ್ನು ಸಂದುಗೊಂದುಗಳಿಗೆ ಇಳಿಸಿ, ಎಣ್ಣೆ ಜಿಡ್ಡು ಕೂತ ಹಾಗೆ ಕಾಣಿಸುವುದು. ಈ ಕೆಲಸ ಮಾಡುವವರು ಅದಕ್ಕೆ ವಾಶ್ ಎನ್ನುತ್ತಾರೆ. ತಟ್ಟೆಗೆ ಎಂದಿನಂತೆ ಚೀಟಿ ಅಂಟಿಸಿ ಲ್ಯಾಬಿಗೆ ಹೋಗಿದ್ದೆ: ವಾಶ್ ಬಾಕಿ.

ಸಂಜೆ ಬಂದರೆ ತಟ್ಟೆ ಖಾಲಿ. ಅಡುಗೆಮನೆಯಲ್ಲಿ, ತೊಳೆದು ಬೋರಲು ಹಾಕಿದ ಪಾತ್ರೆಗಳ ಪಕ್ಕದಲ್ಲಿ ಅಣ್ಣನ ಗಾಡಿ ನೀರು ಸೋರಲು ಕೂತಿದೆ. ಮಸಿಯಿಲ್ಲ, ಮಣ್ಣಿಲ್ಲ, ಧೂಳಿಲ್ಲ. ಹಚ್ಚಹಸಿರು. ಪುಡಿಯ ಮೇಲೆ ನಾನು ವಾರ್ನಿಶ್ ಹೊಡೆದಿರಲಿಲ್ಲ, ಪಾತ್ರೆ ಸೋಪಿಗೆ ಎಲ್ಲ ಬಿಟ್ಟುಕೊಂಡು ಹೋಗಿದೆ.

ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಮಾಡಿದೆಯಲ್ಲ, ನನ್ನ ದುಡಿಮೆಯೆಲ್ಲ ನೀರುಪಾಲು ಎಂದೆ. ವಾಶ್ ಅಂದರೆ ಕಪ್ಪು ಹಚ್ಚುವುದು, ತೊಳೆಯುವುದಲ್ಲ ಎಂದು ಕಿರುಚಿದೆ. ಇನ್ನೂ ಕೆಟ್ಟದ್ದು ಅಂದೆ, ಅದನ್ನು ಇಲ್ಲಿ ಬರೆಯಲಾರೆ. ಅಮ್ಮ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಳ್ಳಲಿಲ್ಲ.

"ನನಗೇನು ಗೊತ್ತು ನಿಮ್ಮ ಭಾಷೆ. ಬಾಕಿ ಅಂತ ಬರೆದಿದ್ದೆ. ನಿನ್ನ ಕೈಲಿ ಆಗ್ತಿಲ್ಲ, ನನಗೆ ಬಿಟ್ಟಿದೀಯ ಅಂದ್ಕೊಂಡೆ. ಬಾಕಿನೇ ಅಲ್ವಾ ಅದು? ಹುಟ್ಟಿದಾಗ ಅವನ ಮೈ ತೊಳೆದೋಳು ನಾನು. ಹೋಗುವಾಗ ಮುಖ ಕೂಡ ತೊಳೆಯೋಕೆ ಬಿಡ್ಲಿಲ್ಲ ಅವರು."

ಅವಳು ಗಾಡಿಯನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ತೋರಿಸಿದಳು. ಚಕ್ರಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು ಹಾಕಿದ್ದಳಂತೆ, ಒಳಗಿನದನ್ನು ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ ತೆಗೆದಳಂತೆ.

"ಈ ಕೊಳವೆ ಅಡ್ಡ ಇತ್ತು. ಪಕ್ಕಕ್ಕೆ ಸರಿಸ್ದೆ."

ಅಷ್ಟೇ ಹೇಳಿದಳು. ಬಾಗಿಲಿಗೆ ಅಡ್ಡ ಬಂದ ಕುರ್ಚಿಯ ವಿಷಯ ಹೇಳುವ ಹಾಗೆ. ನಳಿಗೆ ಪಕ್ಕಕ್ಕೆ ಹೋಗಿತ್ತು, ಮುಚ್ಚಳ ಎದ್ದು ನಿಂತಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತೆ.

ಅವಳೂ ಬಂದು ಪಕ್ಕದಲ್ಲಿ ಕೂತಳು. ಗಾಡಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಅವನು ಎಲ್ಲಿ ಕೂರುತ್ತಿದ್ದ ಎಂದು ಕೇಳಿದಳು. ತೆರೆದ ಮುಚ್ಚಳದ ಒಳಗೆ ಬೆರಳು ತೋರಿಸಿದೆ. ಆಮೇಲೆ ಬಾಯಿಂದ ಬಂತು. ಹೇಳಬೇಕೆಂದು ಹೇಳಿದ್ದಲ್ಲ.

"ಇಲ್ಲೇ ಹೋದ ಅಮ್ಮ."

"ಹೂಂ. ಹೋದ," ಎಂದಳು. ನನ್ನ ಬೆನ್ನಿನ ಮೇಲೆ ಒದ್ದೆ ಕೈ ಇಟ್ಟಳು. "ಇಷ್ಟು ಹೇಳೋಕೆ ಎಷ್ಟು ದಿನ ತಗೊಂಡೆ ಚಿಕ್ಕೋನೆ. ಬರ್ತಾನೆ, ತಿಂತಾನೆ ಅಂತ ನನ್ನನ್ನೇ ತಿದ್ದುತ್ತಿದ್ದೆ. ನಾನೂ ಬಿದ್ದಿದ್ರೆ ಎತ್ತೋರು ಯಾರಿದ್ರು ಈ ಮನೇಲಿ?"

ಆಮೇಲೆ ಅಮ್ಮ ಅತ್ತಳು. ಮೇ ತಿಂಗಳಿನಿಂದ ತಡೆದಿಟ್ಟದ್ದನ್ನೆಲ್ಲ ಅತ್ತಳು. ನಾನು ಅವಳನ್ನು ಹಿಡಿದುಕೊಂಡೆ, ಅವಳು ಗಾಡಿಯನ್ನು ಹಿಡಿದುಕೊಂಡಿದ್ದಳು. ಸುಧಾರಿಸಿಕೊಂಡ ಮೇಲೆ ಎಲ್ಲ ಹೇಳಿದೆ. ಕರೆಂಟು ಹೋದದ್ದು, ಹಿಡಿಕೆ ಕಾದದ್ದು, ಗನ್ನರ್ ಬಿಟ್ಟು ಹಾರಿದ್ದು. ಬಡಿದದ್ದನ್ನೂ ಹೇಳಿದೆ, ಮುಚ್ಚಿಡಲು ಆಗಲಿಲ್ಲ. ಅವಳು ಗನ್ನರನ ಬಗ್ಗೆ ಒಂದೇ ಪ್ರಶ್ನೆ ಕೇಳಿದಳು, ಆ ಕೈ ಈಗ ಹೇಗಿದೆ ಎಂದು.

ಅಕ್ಟೋಬರ್ ೨೭

ಚೆನ್ನಾಗಿ ನಿದ್ದೆ ಬಂತು, ಲ್ಯಾಬಿಗೆ ತಡವಾಯಿತು. ಹೊರಡುವ ಅವಸರದಲ್ಲಿದ್ದರೆ ಅಮ್ಮ, ಗನ್ನರನಿಗೆ ಫೋನ್ ಹಚ್ಚಿಕೊಡು ಎಂದಳು. ಬೈಯುವ ಹಕ್ಕು ಅವಳಿಗಿದೆ, ಬೈಯಲಿ ಎಂದು ಹಚ್ಚಿಕೊಟ್ಟೆ. ಎತ್ತಿದ. ನಾನು ಅವನ ತಾಯಿ ಎಂದಳು ಅಮ್ಮ.

"ಚಿಕ್ಕೋನು ಎಲ್ಲ ಹೇಳ್ದ ಮಗಾ. ನೀನು ಹೊರಗೆ ಬಂದಿದ್ದು ಒಳ್ಳೇದಾಯ್ತು."

ನಾನು ಚಪ್ಪಲಿ ಮೆಟ್ಟಿ ಬಾಗಿಲು ದಾಟುವಾಗ ತಿರುಗಿ ನೋಡಿದೆ. ಅಮ್ಮ ಫೋನನ್ನು ಕಿವಿಗೆ ಹಿಡಿದುಕೊಂಡೇ ನಿಂತಿದ್ದಳು, ಮಗುವಿನ ಅಳು ನಿಲ್ಲಲಿ ಎಂದು ಕಾಯುವವಳ ಹಾಗೆ.